ಹತ್ತೊಂಬತ್ತು ಮಕ್ಕಳ ಅಂತರ

ದರ್ಜಿ ಲುಸ್ವೇಟಿ ಸ್ಕೌಟ್ ದಳಕ್ಕೆ ಸೇರಿದ್ದು ಕಾಡಿನ ಮೇಲಿನ ಪ್ರೀತಿಯಿಂದಲ್ಲ. ಕಾಡಿನ ಬಗ್ಗೆ ಅವನಿಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಮಗಳ ಶಾಲೆಯವರು ಮೊದಲು ಹತ್ತೊಂಬತ್ತು ಸ್ಕಾರ್ಫು ಹೊಲಿದು ಕೊಡಿ ಎಂದರು, ಹೊಲಿದು ಕೊಟ್ಟ. ಆಮೇಲೆ ಡೇರೆ ಹರಿದಿದೆ ಎಂದರು, ಅದಕ್ಕೂ ತೇಪೆ ಹಾಕಿದ. ಬೆರಳು ಕೊಟ್ಟರೆ ಹಸ್ತ ನುಂಗುವವರು ಎಲ್ಲ ಊರಲ್ಲೂ ಇರುತ್ತಾರೆ. ಆಗಸ್ಟ್ ರಜೆಯಲ್ಲಿ ಎಲ್ಗಾನ್ ಬೆಟ್ಟದ ಕಾಡಿನಲ್ಲಿ ಮೂರು ದಿನದ ಶಿಬಿರ ಇದೆ, ಮಕ್ಕಳ ಜೊತೆ ಒಬ್ಬ ತಂದೆ, ಒಬ್ಬ ತಾಯಿ ಬರಬೇಕು ಎಂದು ಸಭೆಯಲ್ಲಿ ಕೇಳಿದಾಗ ಉಳಿದ ಅಪ್ಪಂದಿರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಲುಸ್ವೇಟಿ ಕೈ ಎತ್ತಿದ.

ಎತ್ತುವುದಕ್ಕೆ ಕಾರಣವಿತ್ತು. ಅವನ ಹೆಂಡತಿ ನಂಗಿಲಾ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳು ನೆಲಿಮಾಗೆ ಹನ್ನೊಂದು. ಜುಲೈ ತಿಂಗಳ ಒಂದು ಭಾನುವಾರ ಅವನ ಅತ್ತೆಯ, ಅಂದರೆ ನಂಗಿಲಾಳ ತಾಯಿಯ, ತಮ್ಮ ಇವರ ಊರು ವೆಬುಯೆಗೆ ಬಂದು, ಮೂರು ಲೋಟ ಚಹಾ ಕುಡಿದು, ನಾಲ್ಕನೆಯದಕ್ಕೆ ವಿಷಯ ತೆಗೆದ. ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ಇದು ಹೆಂಗಸಿಲ್ಲದ ಮನೆ, ಗಂಡಸೊಬ್ಬ ಹೆಣ್ಣುಮಗುವನ್ನು ಹೇಗೆ ಸಾಕುತ್ತಾನೆ, ಅಕ್ಕ ತನ್ನ ಹತ್ತಿರ ಇಟ್ಟುಕೊಳ್ಳುತ್ತೇನೆ ಎನ್ನುತ್ತಿದ್ದಾಳೆ, ಆಗಸ್ಟ್ ರಜೆ ಮುಗಿಯುವುದರೊಳಗೆ ಅವಳೇ ತೀರ್ಮಾನ ಹೇಳುತ್ತಾಳೆ ಎಂದ. ಲುಸ್ವೇಟಿಗೆ ಆ ಮಾತಿಗಿಂತ ಹೆಚ್ಚು ನೋವಾದದ್ದು, ಪಕ್ಕದಲ್ಲೇ ಕೂತಿದ್ದ ಅವನ ಸ್ವಂತ ಅಣ್ಣಂದಿರಿಬ್ಬರೂ ಹೌದೌದು ಎಂದು ತಲೆಯಾಡಿಸಿದ್ದಕ್ಕೆ. ಮಗಳು ಹೋದರೆ ಆ ಮನೆಯಲ್ಲಿ ಉಳಿಯುವುದು ತಾನು ಮತ್ತು ಹೊಲಿಗೆ ಯಂತ್ರ. ಹತ್ತೊಂಬತ್ತು ಮಕ್ಕಳನ್ನು ಕಾಡಿಗೆ ಕರೆದೊಯ್ದು ಹತ್ತೊಂಬತ್ತನ್ನೂ ಕ್ಷೇಮವಾಗಿ ವಾಪಸು ತಂದವನಿಗೆ ಒಬ್ಬಳನ್ನು ಸಾಕಲು ಬರುವುದಿಲ್ಲ ಎಂದು ಯಾರು ತಾನೇ ಹೇಳಿಯಾರು ಎಂಬುದು ಅವನ ಲೆಕ್ಕಾಚಾರವಾಗಿತ್ತು.

ನೇರವಾಗಿ ಅತ್ತೆಯನ್ನೇ ಕಂಡು ಮಾತಾಡಬಹುದಿತ್ತಲ್ಲ ಎನ್ನುವವರಿಗೆ ಅವನ ಕುಲದವರಾದ ಬುಕುಸು ಜನರ ಸಂಗತಿ ಗೊತ್ತಿಲ್ಲ. ಅಲ್ಲಿ ಅಳಿಯ ಅತ್ತೆಯ ಮುಖ ನೋಡುವುದಿಲ್ಲ, ಕೈ ಕುಲುಕುವುದಿಲ್ಲ, ಒಂದೇ ಸೂರಿನಡಿ ಮಲಗುವುದಿಲ್ಲ, ಅವಳ ಎದುರು ತುತ್ತು ಬಾಯಿಗಿಡುವುದಿಲ್ಲ. ಮಾತೇನಾದರೂ ಇದ್ದರೆ ನಡುವೆ ಇನ್ನೊಬ್ಬರು ಬೇಕು. ದಾರಿಯಲ್ಲಿ ಎದುರಾದರೆ ದಾರಿ ಬಿಟ್ಟು ಪೊದೆಗೆ ಇಳಿಯಬೇಕು. ಇದು ಜಗಳವಲ್ಲ, ಮರ್ಯಾದೆ. ಈಗಿನ ಹುಡುಗರು ಇದನ್ನೆಲ್ಲ ಗಾಳಿಗೆ ತೂರಿ ಅತ್ತೆಯ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಲುಸ್ವೇಟಿ ತೂರಿರಲಿಲ್ಲ. ಮದುವೆಯಾದ ಹದಿಮೂರು ವರ್ಷದಲ್ಲಿ ಅವನು ಅತ್ತೆಯ ದನಿ ಕೇಳಿದ್ದ, ಬೆನ್ನು ಕಂಡಿದ್ದ, ಅವಳ ಚಪ್ಪಲಿಯನ್ನು ನೂರು ಚಪ್ಪಲಿಯ ನಡುವೆ ಇಟ್ಟರೂ ಗುರುತಿಸಬಲ್ಲವನಾಗಿದ್ದ. ನಂಗಿಲಾಳನ್ನು ಮಣ್ಣು ಮಾಡಿದ ದಿನವೂ ಗುಂಡಿಯ ಈ ಕಡೆ ಅವನು, ಆ ಕಡೆ ಅವಳು, ಇಬ್ಬರೂ ತಲೆ ಬಗ್ಗಿಸಿಕೊಂಡು ಅತ್ತಿದ್ದರು.

ತಾಯಂದಿರ ಕಡೆಯಿಂದ ಬರಬೇಕಾಗಿದ್ದವಳು ನಂಗಿಲಾಳ ತಂಗಿ ಖಕಾಸಾ. ಅವಳ ಮಗನೂ ದಳದಲ್ಲಿದ್ದ. ಹೊರಡುವ ಹಿಂದಿನ ದಿನ ಅವಳು ಬಟ್ಟೆ ಒಗೆಯುವಾಗ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಕೊಟ್ಟ ಮಾತಿಗೆ ತಪ್ಪಬಾರದಲ್ಲ, ತನ್ನ ಬದಲು ಅಮ್ಮನನ್ನು ಕಳಿಸುತ್ತೇನೆ, ಮಿಸಿಖು ಜಂಕ್ಷನ್ನಿನಲ್ಲಿ ಹತ್ತುತ್ತಾಳೆ ಎಂದು ಸ್ಕೌಟ್ ಮೇಷ್ಟರಿಗೆ ಫೋನು ಮಾಡಿದಳು. ಮೇಷ್ಟರ ಹೆಸರು ಮುಥೂರಿ. ದೂರದ ಮೇರು ಸೀಮೆಯವನು, ವೆಬುಯೆಗೆ ಬಂದು ಆರು ತಿಂಗಳಾಗಿತ್ತು. ಅವನ ಮಟ್ಟಿಗೆ ಅಜ್ಜಿ ಎಂದರೆ ಅಜ್ಜಿ. ಬಹಳ ಸಂತೋಷ ಎಂದ.

ಮಿಸಿಖುವಿನಲ್ಲಿ ಬಸ್ಸು ನಿಂತಾಗ ಲುಸ್ವೇಟಿ ಕೊರಳಿಗೆ ಸೀಟಿ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದ. ಮೆಟ್ಟಿಲ ಮೇಲೆ ಒಂದು ಚಪ್ಪಲಿ ಕಾಣಿಸಿತು. ಆಮೇಲೆ ಅದರ ಜೊತೆಯದು. ಮೂರನೆಯ ಹೆಜ್ಜೆ ಮೇಲೆ ಬರುವಷ್ಟರಲ್ಲಿ ಅವನು ಬಸ್ಸಿನ ಕೊನೆಯ ಸೀಟಿನಲ್ಲಿದ್ದ, ಮುಖ ಕಿಟಕಿಯ ಕಡೆಗಿತ್ತು. ಹತ್ತೊಂಬತ್ತು ಮಕ್ಕಳು ನಡುವೆ ಕೂತಿದ್ದರು. ತೀರ್ಪು ಹೇಳಬೇಕಾದವಳೇ ಬಸ್ಸು ಹತ್ತಿದ್ದಳು, ಅವಳ ಎದುರು ಒಂದು ಮಾತಾಡುವ ಹಾಗಿಲ್ಲ. ಮುಥೂರಿ ಎದ್ದು ನಿಂತು, ಸ್ಕೌಟುಗಳು ಎಡಗೈಯಲ್ಲೇ ಕೈ ಕುಲುಕುತ್ತಾರೆ ಎಂದು ಹೊಸಬರಿಗೆ ತಿಳಿಸಿ, ಮುದುಕಿಗೆ ಎಡಗೈ ಚಾಚಿದ. ಅವಳು ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು.

"ಬಲಗೈಗೆ ಏನಾಗಿದೆ ಮೇಷ್ಟ್ರೇ?" ಎಂದು ನಿಜವಾದ ಕನಿಕರದಿಂದ ಕೇಳಿದಳು.

ಮಕ್ಕಳಾದ ಮೇಲೆ ಅಲ್ಲಿ ಯಾರನ್ನೂ ಸ್ವಂತ ಹೆಸರಿನಿಂದ ಕರೆಯುವುದಿಲ್ಲ. ಲುಸ್ವೇಟಿ ಎಲ್ಲರಿಗೂ ನೆಲಿಮಾಳ ಅಪ್ಪ. ಅತ್ತೆ ತನ್ನ ಹಿರಿಮಗಳಿಂದಾಗಿ ನಂಗಿಲಾಳ ಅಮ್ಮ. ಮಗಳು ಸತ್ತಳೆಂದು ತಾಯಿಯ ಹೆಸರು ಬದಲಾಗುವುದಿಲ್ಲ. ಮುಥೂರಿಗೆ ದೊಡ್ಡ ಗಂಟಲು. ಶಿಬಿರದ ಈ ತುದಿಯಿಂದ ಆ ತುದಿಗೆ ದಿನಕ್ಕೆ ನಲವತ್ತು ಸಲ "ನಂಗಿಲಾನ ಅಮ್ಮ, ನಂಗಿಲಾನ ಅಮ್ಮ" ಎಂದು ಕೂಗುತ್ತಿದ್ದ. ಪ್ರತಿಸಲವೂ ಇಬ್ಬರು ತಿರುಗುತ್ತಿದ್ದರು, ಕರೆಸಿಕೊಂಡವಳು ಮತ್ತು ಹೆಂಡತಿಯ ಹೆಸರು ಕಿವಿಗೆ ಬಿದ್ದ ಲುಸ್ವೇಟಿ.

ಡೇರೆಯ ಬಟ್ಟೆ ಸೂರು ಹೌದೋ ಅಲ್ಲವೋ ಎಂದು ಹಿರಿಯರು ಯಾರೂ ಹೇಳಿಟ್ಟಿರಲಿಲ್ಲ. ಯಾವುದಕ್ಕೂ ಇರಲಿ ಎಂದು ಲುಸ್ವೇಟಿ ತನ್ನ ಡೇರೆಯನ್ನು ಎಷ್ಟು ದೂರ ಹೂಡಿದನೆಂದರೆ ಅದು ಅರಣ್ಯ ಕಾವಲುಗಾರರ ಕಕ್ಕಸಿನ ಹಿಂಭಾಗಕ್ಕೆ ಬಂತು. ಅಡುಗೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಮಕ್ಕಳಿಗೆ ತಾನೇ ಮೆಕ್ಕೆಜೋಳದ ಮುದ್ದೆ, ಅವರ ಉಗಾಲಿ, ತೊಳಸುತ್ತೇನೆ ಎಂದು ಕೋಲು ಹಿಡಿದು ಕೂತ, ಅದು ಹೆಂಗಸರ ಕೆಲಸ ಎಂದು ಗೊತ್ತಿದ್ದೇ. ಯಾರಿಗೆ ತೋರಿಸಬೇಕಿತ್ತೋ ಅವಳು ಹತ್ತು ಹೆಜ್ಜೆ ಆಚೆ ಬೆನ್ನು ತಿರುಗಿಸಿ ಸೊಪ್ಪು ಬಿಡಿಸುತ್ತಿದ್ದಳು. ಬೆನ್ನಿಗೂ ಕಣ್ಣಿತ್ತೆಂದು ಕಾಣುತ್ತದೆ.

"ನೆಲಿಮಾ, ನಿಮ್ಮಪ್ಪಂಗೆ ಹೇಳು" ಎಂದಳು. "ಹಿಂಗೆ ತೊಳಸಿದ್ರೆ ಗಂಟು ಗಂಟಾಗತ್ತೆ. ಕೋಲು ಹಿಡಿಯೋಕೂ ಬರದೆ ಇರೋನು ಮನೇಲಿ ಮಗೂಗೆ ಅದೇನು ತಿನ್ನಿಸ್ತಾನೋ ದೇವರಿಗೇ ಗೊತ್ತು."

ಶಿಬಿರಕ್ಕೆ ಶಿಬಿರವೇ ಕೇಳಿಸಿಕೊಂಡಿತು. ನೆಲಿಮಾ ಹತ್ತು ಹೆಜ್ಜೆ ನಡೆದು ಬಂದು ಅಪ್ಪನ ಮುಂದೆ ನಿಂತಳು. "ಅಪ್ಪ, ಇನ್ನೊಂಚೂರು ಜೋರಾಗಿ ತೊಳಸಬೇಕಂತೆ."

"ಅಜ್ಜಿಗೆ ಹೇಳು" ಎಂದ ಲುಸ್ವೇಟಿ, ಪಾತ್ರೆಯನ್ನೇ ನೋಡುತ್ತಾ. "ಎರಡು ವರ್ಷದಿಂದ ನನ್ನ ಕೈಯಡಿಗೆ ತಿಂದೇ ನೀನು ಮೂರು ಇಂಚು ಬೆಳೆದಿದೀಯ ಅಂತ. ನಂಬಿಕೆ ಇಲ್ಲದಿದ್ರೆ ನಿನ್ನ ಲಂಗದ ಅಂಚು ಬಿಚ್ಚಿ ನೋಡ್ಲಿ, ಎಷ್ಟು ಸಲ ಇಳಿಸಿದೀನಿ ಅಂತ ಗೊತ್ತಾಗತ್ತೆ."

ನೆಲಿಮಾ ಹತ್ತು ಹೆಜ್ಜೆ ವಾಪಸು ನಡೆದಳು. "ಅಜ್ಜಿ, ಅಪ್ಪ ಸರಿ ಅಂದ್ರು."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸಂಪ್ರದಾಯದ ಪ್ರಕಾರ ಮೂಲ ಮಾತು ಅಳಿಯನಿಗೆ ಕೇಳಿಸಿಯೇ ಇಲ್ಲ ಎಂದು ಲೆಕ್ಕ. ನಡುವಿನವರು ತಂದುಕೊಟ್ಟದ್ದೇ ಮಾತು. ತಂದುಕೊಟ್ಟದ್ದು ತಪ್ಪು ಎಂದು ತಿದ್ದಬೇಕಾದರೆ ನೇರವಾಗಿ ಮಾತಾಡಬೇಕಾಗುತ್ತದೆ, ನೇರವಾಗಿ ಮಾತಾಡುವ ಹಾಗಿಲ್ಲ. ದೊಡ್ಡವರ ಜಗಳದಲ್ಲಿ ಕೂಸು ಬಡವಾಗುತ್ತದೆ ಎನ್ನುತ್ತಾರೆ. ಈ ಕೂಸು ಮೊದಲ ದಿನ ಸಂಜೆಯ ಹೊತ್ತಿಗೆ ಇಬ್ಬರ ಮಾತನ್ನೂ ಕತ್ತರಿಸಿ, ಮಡಿಸಿ, ಅಂಚು ಹೊಲಿದು ಕೊಡುವಷ್ಟು ಪಳಗಿತ್ತು. ಎಷ್ಟೆಂದರೂ ದರ್ಜಿಯ ಮಗಳು.

ಮುಥೂರಿ ಮೇಷ್ಟರಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ. ಲುಸ್ವೇಟಿಯನ್ನು ಒಂದು ಮರದ ಕೆಳಗೆ ಕರೆದು, ಸ್ಕೌಟ್ ಆದವನು ಎಲ್ಲರಿಗೂ ಗೆಳೆಯನಾಗಿರಬೇಕು, ವಯಸ್ಸಾದವರ ಮೇಲೆ ಎಷ್ಟು ದಿನ ಮುನಿಸು ಎಂದು ಕೇಳಿದ. ಮುನಿಸಲ್ಲ ಮೇಷ್ಟ್ರೇ, ಅವರು ನನ್ನ ಅತ್ತೆ ಎಂದ ಲುಸ್ವೇಟಿ. ಅದನ್ನೇ ಅಲ್ಲವೇ ನಾನೂ ಹೇಳುತ್ತಿರುವುದು ಎಂದ ಮುಥೂರಿ. ಅಳಿಯ ಅಲ್ಲ, ಮಗಳ ಗಂಡ ಎನ್ನುವ ಹಾಗೆ ಇಬ್ಬರೂ ಅರ್ಧ ಗಂಟೆ ಮಾತಾಡಿ ಎದ್ದರು. ಇವರಿಬ್ಬರನ್ನು ಒಂದು ಮಾಡಿಯೇ ತೀರುವುದು ಎಂದು ಮುಥೂರಿ ಆಗಲೇ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದ. ಒಳ್ಳೆಯ ಮನಸ್ಸಿನವರಿಂದ ಆಗುವಷ್ಟು ಅನಾಹುತ ಕೆಟ್ಟವರಿಂದ ಆಗುವುದಿಲ್ಲ.

ಎರಡನೆಯ ದಿನ ಬೆಳಿಗ್ಗೆ ಜಾಡು ಹಿಡಿಯುವ ಆಟ. ಕಡ್ಡಿ ಕಲ್ಲುಗಳಿಂದ ಬಾಣದ ಗುರುತು ಮಾಡಿಟ್ಟಿರುತ್ತಾರೆ, ಅದನ್ನು ನೋಡಿಕೊಂಡು ಕಾಡಿನ ದಾರಿಯಲ್ಲಿ ಒಂದು ಸುತ್ತು ಹಾಕಿ ಬರಬೇಕು. ಲುಸ್ವೇಟಿಯ ಹಿಂದೆ ಒಂಬತ್ತು ಮಕ್ಕಳು, ಅವರಲ್ಲಿ ನೆಲಿಮಾ. ಅಜ್ಜಿಯ ಹಿಂದೆ ಹತ್ತು. ಮುಂದಿನವರು ಎಲ್ಲಿ ಹೋದರೆ ಅಲ್ಲಿಗೆ ಹೋಗಬೇಕು, ಎದುರು ಪ್ರಶ್ನೆ ಕೇಳಬಾರದು ಎಂದು ಮುಥೂರಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದ. ಎರಡು ಗುಂಪನ್ನೂ ಒಂದೇ ದಾರಿಯ ಎರಡು ತುದಿಯಿಂದ ಕಳಿಸಿದ್ದೇನೆಂದು ಮಾತ್ರ ಯಾರಿಗೂ ಹೇಳಲಿಲ್ಲ. ನಡುದಾರಿಯ ಒಂದು ದೊಡ್ಡ ಮರದ ಹತ್ತಿರ ಇಬ್ಬರೂ ಎದುರು ಬದುರಾಗಬೇಕು, ಮಕ್ಕಳ ಮುಂದೆ ಕೈ ಕುಲುಕಬೇಕು, ತಾನು ಫೋಟೋ ತೆಗೆಯಬೇಕು. ಅದಕ್ಕಾಗಿ ಮೊದಲೇ ಹೋಗಿ ಆ ಮರದ ಮೇಲೆ ಹತ್ತಿ ಕೂತಿದ್ದ.

ಮರಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ, ಬಿದಿರು ಮೆಳೆಯ ಸಂದಿನಿಂದ, ಲುಸ್ವೇಟಿಗೆ ಮರದಾಚೆಯ ದಾರಿಯಲ್ಲಿ ಚಪ್ಪಲಿ ಕಂಡಿತು.

ಅವನು ಯೋಚಿಸಲಿಲ್ಲ. ಇಂಥದ್ದಕ್ಕೆ ಯೋಚನೆ ಬೇಕಾಗಿಲ್ಲ, ಕಾಲಿಗೇ ಗೊತ್ತಿರುತ್ತದೆ. ದಾರಿ ಬಿಟ್ಟು ಇಳಿಜಾರಿನ ಕಡೆ ಇಳಿದ. ಒಂಬತ್ತು ಮಕ್ಕಳೂ ಪ್ರಶ್ನೆ ಕೇಳದೆ ಒಬ್ಬರ ಹಿಂದೊಬ್ಬರು ಇಳಿದರು. ಮರ್ಯಾದೆಗೆ ಇಪ್ಪತ್ತು ಹೆಜ್ಜೆ ಸಾಕಿತ್ತು. ಆದರೆ ಮಗಳ ವಿಷಯದಲ್ಲಿ ತೀರ್ಪು ಹೇಳುವವಳ ಮುಂದೆ ಮರ್ಯಾದೆಯಲ್ಲಿ ಜಿಪುಣತನ ಮಾಡಬಾರದೆಂದು ಅವನು ಇನ್ನೂರು ಹೆಜ್ಜೆ ಹೋದ. ಸಾಕು ಎನಿಸಿ ತಿರುಗಿ ನೋಡಿದರೆ ಎಲ್ಲ ಕಡೆಯೂ ಬಿದಿರು, ಎಲ್ಲ ಬಿದಿರೂ ಒಂದೇ ತರ.

ಅವನಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿತ್ತು. ಆ ಕಡೆಯಿಂದ ಬರುತ್ತಿದ್ದ ಅತ್ತೆಯೂ ಅವನ ಬೂಟು ಕಂಡಿದ್ದಳು. ಅವಳೂ ಮರ್ಯಾದಸ್ಥೆಯೇ. ಮೇಲೆ ಹತ್ತಲು ಮೊಣಕಾಲು ಒಪ್ಪದೆ ಅವಳೂ ಇಳಿಜಾರಿಗೇ ಇಳಿದಿದ್ದಳು, ಮರದ ಆ ಬದಿಯಿಂದ, ಹತ್ತು ಮಕ್ಕಳ ಸಮೇತ. ಗುರುತು ಹಾಕಿದ ದಾರಿ ಖಾಲಿಯಾಯಿತು. ಮುಥೂರಿ ಮರದ ಮೇಲೆ ಒಂದೂವರೆ ಗಂಟೆ ಫೋಟೋಕ್ಕಾಗಿ ಕಾದ.

ಮಳೆ ಬಂತು. ಲುಸ್ವೇಟಿ ಹತ್ತು ನಿಮಿಷಕ್ಕೊಮ್ಮೆ ಮಕ್ಕಳನ್ನು ಎಣಿಸಿದ, ಒಂಬತ್ತೂ ಇದ್ದವು. ಎಣಿಸಿ ಮುಗಿಸಿದ ಕೂಡಲೇ ಎಣಿಸಿದ್ದು ಸರಿಯೋ ಎಂದು ಭಯವಾಗುತ್ತಿತ್ತು. ಕಾಡೆಮ್ಮೆ, ಚಿರತೆ ಯಾವುದಕ್ಕೂ ಅವನು ಅಷ್ಟು ಹೆದರಲಿಲ್ಲ. ಮಕ್ಕಳನ್ನು ಕಳೆದವನು ಎಂಬ ಮಾತು ಊರಿಗೆ ಹೋಗುತ್ತದೆ, ಅದರೊಂದಿಗೆ ತನ್ನ ಮಗಳೂ ಹೋಗುತ್ತಾಳೆ ಎಂದು ಹೆದರಿದ. ಆದರೂ ಮಕ್ಕಳಿಂದ ಹಾಡು ಹೇಳಿಸುತ್ತಾ ನಡೆದ. ನೆಲಿಮಾ ಪಕ್ಕಕ್ಕೆ ಬಂದಳು.

"ಅಪ್ಪ, ದಾರಿ ಯಾಕೆ ಬಿಟ್ಟೆ?"

"ಅಜ್ಜಿ ಬರ್ತಿದ್ರಲ್ಲ."

"ಅಜ್ಜಿ ಬಂದ್ರೆ ದಾರಿ ಬಿಡಬೇಕಾ?"

"ಹೂಂ. ಅವರು ಹೋದ ಮೇಲೆ ವಾಪಸು ದಾರಿಗೆ ಬರಬೇಕು."

"ಬಂದ್ವಾ?" ಎಂದು ಕೇಳಿದಳು ನೆಲಿಮಾ. ಅವನು ಮತ್ತೊಮ್ಮೆ ಮಕ್ಕಳನ್ನು ಎಣಿಸಿದ.

ನೀರು ಇಳಿಜಾರಿಗೇ ಹರಿಯುತ್ತದೆ, ದಾರಿ ತಪ್ಪಿದವರೂ ಇಳಿಜಾರಿಗೇ ನಡೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಒಂದು ತೊರೆ ಸಿಕ್ಕಿತು. ತೊರೆಯ ದಡದಲ್ಲಿ ಆಗಲೇ ಹತ್ತು ಮಕ್ಕಳು ಕೂತಿದ್ದರು, ಅವರ ನಡುವೆ ಆ ಚಪ್ಪಲಿ. ಲುಸ್ವೇಟಿ ಥಟ್ಟನೆ ಒಂದು ಮರದ ಕಡೆ ಮುಖ ತಿರುಗಿಸಿದ. ಅತ್ತೆ ಒಂದು ಬಂಡೆಯ ಕಡೆ ತಿರುಗಿದಳು. ಮಕ್ಕಳು ಮಾತ್ರ ವರ್ಷಗಳಿಂದ ಅಗಲಿದ್ದವರಂತೆ ಒಬ್ಬರನ್ನೊಬ್ಬರು ಅಪ್ಪಿಕೊಂಡರು.

ಲುಸ್ವೇಟಿಯ ಜೇಬಿನಲ್ಲಿ ದಿಕ್ಸೂಚಿ ಇತ್ತು. ಅದು ಪಡುವಣಕ್ಕೆ ಹೋಗು ಎನ್ನುತ್ತಿದೆ ಎಂದು ಅವನು ಮರಕ್ಕೆ ಹೇಳಿದ. ನೆಲಿಮಾ ಅದನ್ನು ಬಂಡೆಯ ಹತ್ತಿರ ಒಯ್ದಳು. ಅಜ್ಜಿ ತಡಮಾಡಲಿಲ್ಲ.

"ನಿಮ್ಮಪ್ಪಂಗೆ ಹೇಳು, ಆ ಡಬ್ಬೀನ ಜೇಬಲ್ಲಿ ಇಟ್ಕೊಳ್ಳೋಕೆ. ನೀರು ಎಲ್ಲಿಗೆ ಹೋಗತ್ತೋ ಅಲ್ಲಿ ದನ ಇರತ್ತೆ, ದನ ಇರೋ ಕಡೆ ಜನ ಇರ್ತಾರೆ. ತೊರೆ ಜೊತೆ ನಡೀಬೇಕು." ಆಮೇಲೆ ದನಿ ಇಳಿಯಿತು. "ಇದನ್ನೂ ಹೇಳು. ನಿಮ್ಮಮ್ಮ ಹೋದ ಮೇಲೆ ನನ್ನ ಮನೇಲಿ ದನಿ ಅನ್ನೋದೇ ಇಲ್ಲ. ನೀನು ಮಾತಾಡಿದ್ರೆ ಅವಳೇ ಮಾತಾಡಿದ ಹಾಗಿರತ್ತೆ. ಅದನ್ನ ಕೇಳ್ಕೊಂಡು ಇರೋಣ ಅಂತ ಆಸೆ, ಅಷ್ಟೇ. ಅವನು ಸರಿಯಾಗಿ ಸಾಕಲ್ಲ ಅಂತ ನಾನು ಯಾವತ್ತೂ ನಂಬಿಲ್ಲ. ಕೇಳೋಕೆ ಏನಾದ್ರೂ ಒಂದು ನೆವ ಬೇಕಲ್ಲ."

ಹತ್ತು ಹೆಜ್ಜೆ ನಡೆಯಲು ನೆಲಿಮಾ ಈ ಸಲ ಬಹಳ ಹೊತ್ತು ತೆಗೆದುಕೊಂಡಳು. ಅಪ್ಪನ ಮುಂದೆ ನಿಂತು ಮೂಗು ಒರೆಸಿಕೊಂಡಳು.

"ನೀರಿನ ಜೊತೆ ನಡೀಬೇಕಂತೆ" ಎಂದಳು.

ಎಲ್ಲವನ್ನೂ ಕೇಳಿಸಿಕೊಂಡಿದ್ದ ಲುಸ್ವೇಟಿ ಮರದ ತೊಗಟೆಯನ್ನು ನೋಡುತ್ತಾ ನಿಂತಿದ್ದ. ಎರಡು ವರ್ಷ ಅವನು ತನ್ನ ದುಃಖ ಒಂದನ್ನೇ ಹೊತ್ತುಕೊಂಡು ತಿರುಗಿದ್ದ. ಗುಂಡಿಯ ಆ ಕಡೆ ನಿಂತು ಅತ್ತವಳ ಮನೆಯೂ ಖಾಲಿಯಾಗಿರುತ್ತದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಅವಳ ಮೇಲೆ ಮರುಕವೂ ಹುಟ್ಟಿತು. ಆದರೆ ಮರುಕಪಟ್ಟು ಮಗಳನ್ನು ಕೊಟ್ಟುಬಿಡಲು ಬರುವುದಿಲ್ಲ. ಸರಿ ಅಂತ ಹೇಳು ಎಂದ.

ಅವನು ಮುಂದೆ, ಅವಳು ಕಟ್ಟಕಡೆಯಲ್ಲಿ, ನಡುವೆ ಹತ್ತೊಂಬತ್ತು ಮಕ್ಕಳು, ಹೀಗೆ ಸಾಲಾಗಿ ತೊರೆಯ ಜೊತೆ ನಡೆದರು. ಒಂದು ಗಂಟೆಯಲ್ಲಿ ಹುಲ್ಲುಗಾವಲು, ದನ, ದನ ಕಾಯುವ ಮುದುಕ ಎಲ್ಲವೂ ಅವಳು ಹೇಳಿದ ಕ್ರಮದಲ್ಲೇ ಸಿಕ್ಕವು. ಆ ಮುದುಕ ಶಿಬಿರದ ತನಕ ಬಂದು ಬಿಟ್ಟುಹೋದ. ಅಲ್ಲಿ ಮುಥೂರಿ ಇಬ್ಬರು ಕಾವಲುಗಾರರ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಮಕ್ಕಳನ್ನು ಎರಡು ಸಲ ಎಣಿಸಿದ. ಹತ್ತೊಂಬತ್ತು ಬಂದಾಗ ಮೊದಲು ದೇವರನ್ನು ನೆನೆದ, ಆಮೇಲೆ ಸಿಟ್ಟಾದ.

ಶಾಲೆಗೆ ವರದಿ ಬರೆಯಲೇಬೇಕಿತ್ತು. ಪುಸ್ತಕ ತೆಗೆದು, ದಾರಿ ಬಿಟ್ಟವರು ಯಾರು ಎಂದು ಕೇಳಿದ. ಅತ್ತೆ ಆಚೆ ಒಲೆಯ ಹತ್ತಿರ ಬೆನ್ನು ತಿರುಗಿಸಿ ಮಕ್ಕಳ ಸ್ಕಾರ್ಫು ಒಣಗಿಸುತ್ತಿದ್ದಳು.

ನಿಜ ಹೇಳಬಹುದಿತ್ತು. ಎದುರಿಗೆ ಅತ್ತೆ ಬಂದರು, ಅದಕ್ಕೆ ಬಿಟ್ಟೆ ಎಂದರೆ ಸಾಕಿತ್ತು. ಹಾಗೆಂದರೆ ಪರಸೀಮೆಯವನೊಬ್ಬನ ಮುಂದೆ ಅತ್ತೆಯ ಮೇಲೆ ದೂರು ಹೇಳಿದ ಹಾಗೆ. ಅವಳೂ ದಾರಿ ಬಿಟ್ಟಳು ಎಂಬುದೂ ಪುಸ್ತಕಕ್ಕೆ ಹೋಗುತ್ತದೆ, ಶಾಲೆಯವರೆಲ್ಲ ಓದುತ್ತಾರೆ. ಲುಸ್ವೇಟಿ ಒಲೆಯ ಹೊಗೆಯನ್ನು ನೋಡಿದ.

"ನಾನು ಮೇಷ್ಟ್ರೇ" ಎಂದ. "ದಾರಿ ತಪ್ಪಿದ್ದು ನಾನು. ಅವರು ನಮ್ಮನ್ನ ಹುಡುಕ್ಕೊಂಡು ಬಂದ್ರು."

ಮುಥೂರಿ ಹಾಗೆಯೇ ಬರೆದುಕೊಂಡ. ಲುಸ್ವೇಟಿ ಕೆಳಗೆ ರುಜು ಹಾಕಿದ. ಮಕ್ಕಳನ್ನು ಕಾಡಿನಲ್ಲಿ ಕಳೆದ ಅಪ್ಪ ಎಂದು ಈಗ ಬರವಣಿಗೆಯಲ್ಲೇ ಇತ್ತು. ಒಲೆಯ ಹತ್ತಿರ ಸ್ಕಾರ್ಫು ಒಣಗಿಸುವ ಕೈ ಸ್ವಲ್ಪ ಹೊತ್ತು ನಿಂತು, ಮತ್ತೆ ಚಲಿಸಿತು. ಸಂಜೆಯ ಊಟಕ್ಕೆ ಉಗಾಲಿಯನ್ನು ಅವಳೇ ತೊಳಸಿದಳು, ಅವನು ತಡೆಯಲಿಲ್ಲ. ತಡೆಯುವ ಮುಖ ಅವನಿಗೆ ಉಳಿದಿರಲಿಲ್ಲ.

ಮರುದಿನ ಮಧ್ಯಾಹ್ನ ಬಸ್ಸು ಬೆಟ್ಟ ಇಳಿದು, ಕಿಮಿಲಿಲಿ ದಾಟಿ, ಮಿಸಿಖು ಜಂಕ್ಷನ್ನಿಗೆ ಬಂದು ನಿಂತಿತು. ಲುಸ್ವೇಟಿ ಕೊನೆಯ ಸೀಟಿನಲ್ಲಿ ಕಿಟಕಿಗೆ ಮುಖ ಹಾಕಿ ಕೂತಿದ್ದ. ಅಜ್ಜಿ ಗಂಟು ಹಿಡಿದುಕೊಂಡು ಇಳಿದಳು. ಇಳಿದವಳು ಹೊರಡಲಿಲ್ಲ, ಬಾಗಿಲ ಕೆಳಗೇ ನಿಂತಳು.

"ನೆಲಿಮಾ" ಎಂದಳು. "ನಿನ್ನ ಚೀಲ ತಗೊಂಡು ಇಳಿ. ನಿಮ್ಮಪ್ಪಂಗೆ ಹೇಳು, ಇನ್ಮೇಲೆ ನೀನು ನನ್ನ ಮನೇಲಿ ಇರ್ತೀಯ ಅಂತ."

ಬಸ್ಸಿನಲ್ಲಿ ಗಲಾಟೆ ನಿಂತಿತು. ಲುಸ್ವೇಟಿ ಕಿಟಕಿಯ ಕಂಬಿ ಹಿಡಿದುಕೊಂಡ. ಎದ್ದು ಕೂಗಬೇಕೆನಿಸಿತು, ಬೇಡ, ಕರೆದೊಯ್ಯಬೇಡಿ, ನನಗೆ ಬೇರೆ ಯಾರೂ ಇಲ್ಲ ಎಂದು. ಹದಿಮೂರು ವರ್ಷದ ಮರ್ಯಾದೆ ಅವನ ನಾಲಿಗೆಯನ್ನು ಹಿಡಿದುಕೊಂಡಿತ್ತು. ನೆಲಿಮಾ ಎದ್ದಳು. ಚೀಲ ಹೆಗಲಿಗೆ ಹಾಕಿಕೊಂಡಳು. ಬಸ್ಸಿನ ನಡುವೆ ಬಂದು ಒಮ್ಮೆ ಬಾಗಿಲ ಕಡೆ ನೋಡಿದಳು, ಒಮ್ಮೆ ಹಿಂದಿನ ಸೀಟಿನ ಕಡೆ. ಆಮೇಲೆ, ಮೂರು ದಿನದಿಂದ ಮಾಡುತ್ತಾ ಬಂದ ಹಾಗೆ, ಮಾತು ತಲುಪಿಸಲು ಅಪ್ಪನ ಹತ್ತಿರ ನಡೆದಳು. ಹತ್ತು ಹೆಜ್ಜೆ.

"ಅಪ್ಪ" ಎಂದಳು. ದನಿ ರಸ್ತೆಯ ತನಕ ಕೇಳಿಸುವಷ್ಟು ಜೋರಾಗಿತ್ತು. "ಅಜ್ಜಿ ಹೇಳಿದ್ರು, ನಾನು ನಿನ್ನ ಜೊತೇಲೇ ಇರಬೇಕಂತೆ."

ಮುಥೂರಿ ಸತ್ಯವಂತ, ಅವರು ಹೇಳಿದ್ದು ಹಾಗಲ್ಲವಲ್ಲ ಎನ್ನಲು ಬಾಯಿ ತೆರೆದ. ಹದಿನೆಂಟು ಮಕ್ಕಳು ಒಟ್ಟಿಗೆ ಅವನ ಕಡೆ ನೋಡಿದವು. ಬಾಯಿ ಮುಚ್ಚಿಕೊಂಡ.

ರಸ್ತೆಯ ಮೇಲೆ ಮುದುಕಿ ನಿಂತಿದ್ದಳು. ಅವಳು ಒಂದೇ ಒಂದು ಮಾತು ನೇರವಾಗಿ ಆಡಿದ್ದರೆ ಮುಗಿದಿತ್ತು. ನೆಲಿಮಾಳ ಅಪ್ಪ, ಹುಡುಗಿ ಸುಳ್ಳು ಹೇಳುತ್ತಿದ್ದಾಳೆ, ಕಳಿಸು ಎಂದಿದ್ದರೆ ಅವನು ಕಳಿಸುತ್ತಿದ್ದ. ಆ ಮಾತು ಅವಳ ಬಾಯಿಯ ತನಕ ಬಂದದ್ದು ಕಿಟಕಿಯ ಪಕ್ಕ ಕೂತ ಮಕ್ಕಳಿಗೆಲ್ಲ ಕಾಣಿಸಿತು. ಡ್ರೈವರು ಹಾರ್ನು ಹೊಡೆದ. ಅವಳು ಗಂಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು, ಹೊದ್ದ ಬಟ್ಟೆಯ ಅಂಚಿನಿಂದ ಕಣ್ಣು ಒತ್ತಿಕೊಂಡಳು.

"ನೆಲಿಮಾ" ಎಂದಳು ಕೊನೆಗೆ. "ನಿಮ್ಮಪ್ಪಂಗೆ ಹೇಳು. ಡಿಸೆಂಬರ್ ರಜೇಲಿ ನಿನ್ನ ಕರ್ಕೊಂಡು ಬರಬೇಕು. ಬೇಲಿ ತನಕ ಅವನೇ ಬರ್ಲಿ. ಯಾರ ಕೈಲೂ ಕಳಿಸೋದು ಬೇಡ."

ನೆಲಿಮಾ ಅದನ್ನು ಅಕ್ಷರ ಬದಲಿಸದೆ ಹೇಳಿದಳು, ಅಳುತ್ತಾ ಹೇಳಿದಳು. ಬರ್ತೀನಿ ಅಂತ ಹೇಳು ಎಂದು ಲುಸ್ವೇಟಿ ಕಿಟಕಿಯ ಗಾಜಿಗೆ ಹೇಳಿದ, ಬೇಕಾದ್ದಕ್ಕಿಂತ ತುಸು ಜೋರಾಗಿಯೇ. ಬಸ್ಸು ಹೊರಟಿತು.

ವೆಬುಯೆಯ ಗುಡ್ಡಗಳು ಕಾಣಿಸುವವರೆಗೂ ಹುಡುಗಿ ಅಪ್ಪನ ಪಕ್ಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸ್ಕೌಟುಗಳು ಸುಳ್ಳು ಹೇಳುವ ಹಾಗಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಅಪ್ಪ" ಎಂದಳು ಮೆಲ್ಲಗೆ. "ಅಜ್ಜಿ ಮೊದಲು ಏನಂದ್ರು ಅಂತ ನಿಂಗೆ ಕೇಳಿಸ್ತಾ?"

ಲುಸ್ವೇಟಿ ಮುಖವನ್ನು ತೋಳಿನಿಂದ ಒರೆಸಿಕೊಂಡ.

"ಇಲ್ಲ ಮಗಳೇ" ಎಂದ. "ಅಳಿಯಂಗೆ ಹೇಗೆ ಕೇಳಿಸತ್ತೆ? ನೀನು ಬಂದು ಹೇಳಿದ್ಯಲ್ಲ, ಅಷ್ಟೇ ಕೇಳಿಸಿದ್ದು."